ಪುಣೆಯ ಕನ್ನಡ ಶಾಲೆಯ ಮಕ್ಕಳಿಗೊಂದು ಶಹಬಾಸ್



ಮಹಾರಾಷ್ಟ್ರದ ಎಸ್.ಎಸ್.ಸಿ. ಫಲಿತಾಂಶ ಬಂದ ಮರುದಿನ ಪೇಪರು ಬಿಡಿಸಿದರೆ ಪುಟದ ತುಂಬ ಮಕ್ಕಳ ಮುಖಗಳು. ಒಬ್ಬರಿಗೆ ಶೇಕಡಾ 98, ಇನ್ನೊಬ್ಬರಿಗೆ 99. ಕೋಚಿಂಗ್ ಕ್ಲಾಸಿನವರ ಜಾಹೀರಾತುಗಳಲ್ಲೂ ಅವೇ ಮುಖಗಳು. ಆ ಮಕ್ಕಳ ಶ್ರಮಕ್ಕೆ ಮೆಚ್ಚುಗೆ ಇದ್ದೇ ಇದೆ. ಆದರೆ ಇವತ್ತು ನಾನು ಹೇಳಬೇಕೆಂದಿರುವುದು ಆ ಪುಟದಲ್ಲಿ ಜಾಗ ಸಿಗದ ಫಲಿತಾಂಶದ ಮಾತು. ಇದೇ ಪುಣೆಯಲ್ಲಿ, ಮರಾಠಿಯ ನಡುಮನೆಯಲ್ಲಿ ಕುಳಿತು, ಕನ್ನಡದಲ್ಲಿ ಬೀಜಗಣಿತ ಬಿಡಿಸಿ, ಕನ್ನಡದಲ್ಲಿ ಭೂಗೋಲ ಬರೆದು ಪಾಸಾಗುವ ಮಕ್ಕಳ ಮಾತು.

ನಮ್ಮಲ್ಲಿ ಅನೇಕರಿಗೆ ಇದು ಹೊಸ ಸುದ್ದಿ. "ಪುಣೆಯಲ್ಲಿ ಕನ್ನಡ ಮೀಡಿಯಂ ಶಾಲೆಯೇ?" ಎಂದು ಕೇಳುವವರು ಇವತ್ತಿಗೂ ಸಿಗುತ್ತಾರೆ. ಇದೆ ಸ್ವಾಮಿ. ಎರಂಡವಣೆಯ ಗಣೇಶನಗರದ ಕಡೆ ಹೋದರೆ ಕನ್ನಡ ಸಂಘದವರು ನಡೆಸಿಕೊಂಡು ಬಂದಿರುವ ಶಾಲೆ ಸಿಗುತ್ತದೆ. ವೃತ್ತಿಯಿಂದ ವೈದ್ಯರಾಗಿ ಪುಣೆಯಲ್ಲಿ ನೆಲೆನಿಂತು ಕನ್ನಡದ ಕೆಲಸಕ್ಕೆ ಕೈಹಾಕಿದ ಡಾ. ಶಾಮರಾವ್ ಕಲ್ಮಾಡಿ ಅವರ ಹೆಸರು ಅದಕ್ಕಿದೆ. ಸಂಘದ ಇಂಗ್ಲಿಷ್ ಮಾಧ್ಯಮದ ಶಾಲೆಗಳು, ಕಾವೇರಿ ಹೆಸರಿನ ಕಾಲೇಜು ಎಲ್ಲರಿಗೂ ಗೊತ್ತು. ಅವುಗಳ ಪಕ್ಕದಲ್ಲಿ ಕನ್ನಡ ಮಾಧ್ಯಮದ ಶಾಲೆ ಸಣ್ಣದು. ಸಣ್ಣದಾದ್ದರಿಂದಲೇ ಅದರ ಬಗ್ಗೆ ನಾವು ಸ್ವಲ್ಪ ದೊಡ್ಡ ದನಿಯಲ್ಲಿ ಮಾತಾಡಬೇಕಾಗಿದೆ.

ಪುಣೆಗೂ ಕನ್ನಡದ ವಿದ್ಯಾರ್ಥಿಗೂ ಇರುವ ನಂಟು ಇಂದು ನಿನ್ನೆಯದಲ್ಲ. 1956ರ ನವೆಂಬರ್ 1ರ ತನಕ ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರ ಜಿಲ್ಲೆಗಳೆಲ್ಲ ಮುಂಬಯಿ ಸರಕಾರದ ಕೆಳಗೇ ಇದ್ದವು. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಶುರುವಾದದ್ದು 1917ರಲ್ಲಿ. ಅದಕ್ಕೂ ಮೊದಲು ಮ್ಯಾಟ್ರಿಕ್ ಆದ ಹುಡುಗ ಮುಂದೆ ಓದಬೇಕೆಂದರೆ ಗಂಟುಮೂಟೆ ಕಟ್ಟಿ ಪುಣೆ, ಮುಂಬಯಿಯ ರೈಲು ಹತ್ತಬೇಕಿತ್ತು. ದ.ರಾ. ಬೇಂದ್ರೆಯವರು ಇಲ್ಲಿನ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ 1918ರಲ್ಲಿ ಬಿ.ಎ. ಮುಗಿಸಿದರು. ಆಮೇಲೆ ಧಾರವಾಡಕ್ಕೆ ಹಿಂತಿರುಗಿ ವಿಕ್ಟೋರಿಯಾ ಹೈಸ್ಕೂಲಿನಲ್ಲಿ ಮಾಸ್ತರರಾದರು. ವಿ.ಕೃ. ಗೋಕಾಕರು ಅದೇ ಫರ್ಗ್ಯುಸನ್ನಿನಲ್ಲಿ ಪಾಠ ಹೇಳಿದರು. ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು ತಮ್ಮ ಗುರು, ಕುಂದಗೋಳದ ಸವಾಯಿ ಗಂಧರ್ವರ ಹೆಸರಿನಲ್ಲಿ 1953ರಿಂದ ಸಂಗೀತೋತ್ಸವ ನಡೆಸಿದ್ದು ಈ ಊರಿನಲ್ಲಿ. ಗಿರೀಶ ಕಾರ್ನಾಡರು 1974ರಲ್ಲಿ ಫಿಲ್ಮ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿ ಬಂದರು. ಈ ದೊಡ್ಡ ಹೆಸರುಗಳನ್ನು ನಾವು ರಾಜ್ಯೋತ್ಸವದ ಭಾಷಣಗಳಲ್ಲಿ ತಪ್ಪದೆ ಹೇಳುತ್ತೇವೆ. ಇವತ್ತಿನ ಕನ್ನಡ ಶಾಲೆಯ ಮಕ್ಕಳು ಬರುವ ದಾರಿ ಮಾತ್ರ ಬೇರೆ.

ಇಂಥ ಶಾಲೆಗೆ ಯಾರ ಮನೆಯ ಮಕ್ಕಳು ಬರುತ್ತಾರೆ? ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು. ನಾಲ್ಕು ಮನೆಯ ಪಾತ್ರೆ ತಿಕ್ಕಿ ಮನೆ ನಡೆಸುವ ತಾಯಂದಿರ ಮಕ್ಕಳು. ವಾಚಮನ್ನರ, ಡ್ರೈವರುಗಳ, ಗಾರೆ ಕೆಲಸದವರ ಮಕ್ಕಳು. ಕರಾವಳಿಯಿಂದ ಬಂದು ಹೋಟೆಲಿನ ಅಡುಗೆಮನೆಯಲ್ಲಿ ದುಡಿಯುವವರ ಮಕ್ಕಳು. ಎಲ್ಲರ ಮನೆಮಾತೂ ಕನ್ನಡವೇ ಎಂದು ತಿಳಿಯಬೇಡಿ. ಒಬ್ಬನ ಮನೆಯಲ್ಲಿ ತುಳು, ಇನ್ನೊಬ್ಬಳ ಮನೆಯಲ್ಲಿ ಲಂಬಾಣಿ, ಮತ್ತೊಬ್ಬರ ಮನೆಯಲ್ಲಿ ಉರ್ದು ಇರಬಹುದು. ಕನ್ನಡ ಅವರೆಲ್ಲರೂ ಕೂಡಿ ಕೂಡುವ ಜಗಲಿ. ಅದರಲ್ಲೂ ಒಬ್ಬ "ಹೌದ್ರೀ ಸರ" ಅಂದರೆ ಇನ್ನೊಬ್ಬ "ಹೌದು ಮಾರಾಯ" ಅನ್ನುತ್ತಾನೆ. ಕಲಿಸುವವರು ಒಬ್ಬರಿಗೆ ಅಕ್ಕೋರು, ಇನ್ನೊಬ್ಬರಿಗೆ ಟೀಚರು, ಪುಣೆಯಲ್ಲೇ ಹುಟ್ಟಿದ ಮಗುವಿಗೆ ಬಾಯಿ.

ಈಗ ಈ ಮಕ್ಕಳು ಹೊರುವ ಹೊರೆ ನೋಡಿ. ಮನೆಯ ಹೊರಗೆ ಕಾಲಿಟ್ಟರೆ ಮರಾಠಿ. ಶಾಲೆಯಲ್ಲಿ ಕನ್ನಡ ಪ್ರಥಮ ಭಾಷೆ, ಜೊತೆಗೆ ಮರಾಠಿ, ಹಿಂದಿ, ಇಂಗ್ಲಿಷು. ನಾಲ್ಕು ಭಾಷೆ, ಮೂರು ಲಿಪಿ. ಮಹಾರಾಷ್ಟ್ರ ಬೋರ್ಡಿನ ಎಸ್.ಎಸ್.ಸಿ. ಪರೀಕ್ಷೆಯನ್ನು ಎಂಟು ಮಾಧ್ಯಮಗಳಲ್ಲಿ ಬರೆಯಬಹುದು: ಮರಾಠಿ, ಹಿಂದಿ, ಇಂಗ್ಲಿಷ್, ಉರ್ದು, ಗುಜರಾತಿ, ಕನ್ನಡ, ತೆಲುಗು, ಸಿಂಧಿ. ಮಾಧ್ಯಮ ಬೇರೆಯಾದರೂ ಪಠ್ಯಕ್ರಮ ಒಂದೇ, ಪರೀಕ್ಷೆ ಒಂದೇ. ಗಣಿತ, ವಿಜ್ಞಾನ, ಇತಿಹಾಸ, ಭೂಗೋಲ ಯಾವುದರಲ್ಲೂ "ಪಾಪ, ಕನ್ನಡ ಮೀಡಿಯಂ" ಎಂದು ಯಾರೂ ರಿಯಾಯಿತಿ ಕೊಡುವುದಿಲ್ಲ. ಪಾಸಾಗಲು ಎಲ್ಲರಿಗೂ 35 ಬೇಕು. ಇಂಗ್ಲಿಷ್ ಶಾಲೆಯ ಹುಡುಗನಿಗೆ ಗೈಡು, ಟ್ಯೂಷನ್ನು, ಯೂಟ್ಯೂಬಿನ ಪಾಠ, ಹಳೆಯ ಪ್ರಶ್ನೆಪತ್ರಿಕೆಗಳ ಪುಸ್ತಕ ರಸ್ತೆ ರಸ್ತೆಯಲ್ಲಿ ಸಿಗುತ್ತವೆ. ಮಹಾರಾಷ್ಟ್ರದ ಪಠ್ಯಕ್ಕೆ ಕನ್ನಡದಲ್ಲಿ ಬರೆದ ಗೈಡು ಹುಡುಕಿಕೊಂಡು ಅಪ್ಪಾ ಬಳವಂತ ಚೌಕದ ಪುಸ್ತಕದಂಗಡಿಗಳನ್ನೆಲ್ಲ ಸುತ್ತಿ ನೋಡಿ, ಕಾಲು ನೋಯುತ್ತದೆ. ಬೆಂಗಳೂರಿನಿಂದ ತರಿಸೋಣವೆಂದರೆ ಅಲ್ಲಿನ ಪಠ್ಯವೇ ಬೇರೆ. ಹಾಗಾಗಿ ಈ ಮಕ್ಕಳಿಗೆ ಇರುವ ಗೈಡು ಎಂದರೆ ಅವರ ಮಾಸ್ತರರು ಮತ್ತು ಬಾಲಭಾರತಿಯ ಪುಸ್ತಕ.

ಬಾಲಭಾರತಿಯ ಹೆಸರು ಬಂತು, ಒಂದು ಮಾತು ಹೇಳಿಬಿಡುತ್ತೇನೆ. 1967ರ ಜನವರಿ 27ರಂದು ಸ್ಥಾಪನೆಯಾದ ಮಹಾರಾಷ್ಟ್ರದ ಈ ಪಠ್ಯಪುಸ್ತಕ ಮಂಡಳಿ ಇರುವುದು ಇದೇ ಪುಣೆಯ ಸೇನಾಪತಿ ಬಾಪಟ್ ರಸ್ತೆಯಲ್ಲಿ. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತ ತಾಲೂಕುಗಳ ಕನ್ನಡ ಶಾಲೆಗಳಲ್ಲಿ ಮಕ್ಕಳು ಓದುವ ಪುಸ್ತಕವೂ, ಮುಂಬಯಿಯ ಕನ್ನಡ ಶಾಲೆಯ ಪುಸ್ತಕವೂ, ಗಣೇಶನಗರದ ಮಗುವಿನ ಪುಸ್ತಕವೂ ಅಲ್ಲಿಯೇ ತಯಾರಾಗುತ್ತದೆ. ಬೇರೊಂದು ರಾಜ್ಯದ ಸರಕಾರ ಕನ್ನಡದಲ್ಲಿ ವಿಜ್ಞಾನ, ಗಣಿತದ ಪುಸ್ತಕ ಅಚ್ಚು ಹಾಕಿಸುವುದು ಸಣ್ಣ ಸಂಗತಿಯಲ್ಲ. ಪ್ರಾಥಮಿಕ ಹಂತದಲ್ಲಿ ಮಗುವಿಗೆ ಅದರ ತಾಯಿನುಡಿಯಲ್ಲಿ ಶಿಕ್ಷಣದ ಅನುಕೂಲ ಒದಗಿಸಬೇಕೆಂದು ನಮ್ಮ ಸಂವಿಧಾನದ 350ಎ ವಿಧಿ ಹೇಳುತ್ತದೆ. ಭಾಷಾ ಅಲ್ಪಸಂಖ್ಯಾತರು ತಮ್ಮ ಶಾಲೆ ತಾವೇ ಕಟ್ಟಿ ನಡೆಸಬಹುದೆಂದು 30ನೇ ವಿಧಿ ಹೇಳುತ್ತದೆ. ಆದರೆ ಆ ಹಕ್ಕು ಉಪಯೋಗಕ್ಕೆ ಬರಬೇಕಾದರೆ ತರಗತಿಯಲ್ಲಿ ಮಕ್ಕಳು ಕೂತಿರಬೇಕು.

ಹೀಗಿರುವಾಗ ಈ ಶಾಲೆಯ ಸಾಧನೆಯನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು? ಅಪ್ಪನಿಗೆ ಸಹಿ ಬರುವುದಿಲ್ಲ, ಹೆಬ್ಬೆಟ್ಟು. ಅವ್ವ ಶಾಲೆಯ ಮೆಟ್ಟಿಲು ಹತ್ತಿದ್ದು ಮಗಳ ಹೆಸರು ಹಚ್ಚಲಿಕ್ಕೆ ಬಂದಾಗಲೇ. ಹತ್ತು ಅಡಿಯ ತಗಡಿನ ಖೋಲಿಯಲ್ಲಿ ತಮ್ಮ ತಂಗಿಯರನ್ನು ಮಲಗಿಸಿ ಆಮೇಲೆ ಪುಸ್ತಕ ಬಿಡಿಸುವ ಹುಡುಗಿ ಶೇಕಡಾ 62 ತೆಗೆದರೆ, ಅವಳ ವಂಶದಲ್ಲೇ ಹತ್ತನೇ ತರಗತಿ ಪಾಸಾದ ಮೊದಲ ಹೆಣ್ಣು ಅವಳು. ಪೇಪರಿನವರ ಕಣ್ಣಿಗೆ ಆ 62 ಕಾಣುವುದಿಲ್ಲ. ಅವಳ ಸುತ್ತಲಿನ ಹತ್ತು ಮನೆಗಳಿಗೆ ಮಾತ್ರ ಅದು ಬಹಳ ದೊಡ್ಡ ಸುದ್ದಿ. ಮುಂದಿನ ವರ್ಷ ಆ ಹತ್ತರಲ್ಲಿ ಎರಡು ಮನೆಯವರು ಮಗಳ ಮದುವೆಯ ಮಾತು ನಿಲ್ಲಿಸಿ ಎಂಟನೆಯ ತರಗತಿಗೆ ಕಳಿಸಿದರೆ, ಆ ಅಂಕಪಟ್ಟಿಯೂ ಒಂದು ಪಾಠ ಹೇಳಿದಂತಾಯಿತು. 1848ರಲ್ಲಿ ಭಿಡೆ ವಾಡೆಯಲ್ಲಿ ಜ್ಯೋತಿಬಾ, ಸಾವಿತ್ರಿಬಾಯಿ ಫುಲೆ ದಂಪತಿ ಹೆಣ್ಣುಮಕ್ಕಳ ಶಾಲೆ ತೆರೆದ ಊರಲ್ಲವೇ ಇದು? ಜನವರಿ 3ರಂದು ಸಾವಿತ್ರಿಬಾಯಿಯವರ ಜಯಂತಿಗೆ ಭಾಷಣ ಮಾಡುವ ಕನ್ನಡದ ಹುಡುಗಿಗೆ ಆ ಕತೆ ಬರಿಯ ಇತಿಹಾಸದ ಪಾಠವಲ್ಲ. ಅದು ಅವಳ ಮನೆಯಲ್ಲಿ ಈಗ ನಡೆಯುತ್ತಿರುವ ಕತೆ.

ಸಣ್ಣ ಶಾಲೆಯ ಇನ್ನೊಂದು ಸೊಗಸು ನೋಡಿ. ದೊಡ್ಡ ಶಾಲೆಯಲ್ಲಿ ಹಾಡುವವರೇ ಬೇರೆ, ಆಡುವವರೇ ಬೇರೆ, ಉಳಿದವರು ಚಪ್ಪಾಳೆ ತಟ್ಟುವವರು. ಸಣ್ಣ ಶಾಲೆಯಲ್ಲಿ ಚಪ್ಪಾಳೆಗೆ ಬಿಡುವಿಲ್ಲ. ಬೆಳಿಗ್ಗೆ ಖೋಖೋ ತಂಡದಲ್ಲಿ ಓಡಿದವಳೇ ಮಧ್ಯಾಹ್ನ ಕೋಲಾಟಕ್ಕೆ ನಿಲ್ಲಬೇಕು, ಸಂಜೆ ನಾಟಕದಲ್ಲಿ ಅಜ್ಜಿಯ ಪಾತ್ರ ಹಾಕಬೇಕು. ನಾಲಿಗೆ ತೊದಲುವ ಹುಡುಗನಿಗೂ ಒಂದು ಮಾತು ಸಿಗುತ್ತದೆ, ಏಕೆಂದರೆ ಅವನನ್ನು ಬಿಟ್ಟರೆ ಪಾತ್ರಕ್ಕೆ ಜನ ಸಾಲದು. ಸ್ನೇಹ ಸಮ್ಮೇಳನದ ದಿನ ಮೈಕಿನ ಮುಂದೆ ನಿಂತು ಆ ಒಂದು ಮಾತು ಹೇಳಿಬಿಟ್ಟರೆ ಅದನ್ನು ಅವನು ಜನ್ಮದಲ್ಲಿ ಮರೆಯುವುದಿಲ್ಲ.

ಹಬ್ಬಗಳೂ ಇಲ್ಲಿ ಎರಡೆರಡು. ನವೆಂಬರ್ 1ಕ್ಕೆ ರಾಜ್ಯೋತ್ಸವ, ಮೇ 1ಕ್ಕೆ ಮಹಾರಾಷ್ಟ್ರ ದಿನ. ಫೆಬ್ರುವರಿ 19ಕ್ಕೆ ಶಿವಜಯಂತಿ, ಜೊತೆಗೆ ಬಸವ ಜಯಂತಿ, ಕನಕ ಜಯಂತಿ. ಆಷಾಢಿ ವಾರಿಗೆ ಹೊರಟ ಜ್ಞಾನೇಶ್ವರ, ತುಕಾರಾಮರ ಪಾಲಖಿ ಪುಣೆಯಲ್ಲಿ ತಂಗುವಾಗ ಮಕ್ಕಳು ತಾಳ ಹಿಡಿದು ವಾರಕರಿಗಳ ವೇಷ ಹಾಕುತ್ತಾರೆ. ಪಂಢರಪುರದ ವಿಠಲ ಅವರಿಗೆ ಪರದೇಶಿ ದೇವರಲ್ಲ, ಹರಿದಾಸರ ಪದಗಳಲ್ಲೂ ಅವನೇ ಇದ್ದಾನೆ. "ಅಕ್ಕ", "ಅಣ್ಣ" ಎಂದರೆ ಮರಾಠಿಯವರಿಗೂ ತಿಳಿಯುತ್ತದೆ. "ಕಾಕಾ", "ಮಾಮಾ" ಎಂದರೆ ಕಲಬುರಗಿಯವರಿಗೂ ತಿಳಿಯುತ್ತದೆ. ಗಡಿಯ ವಿಷಯದಲ್ಲಿ ದೊಡ್ಡವರು ದನಿ ಏರಿಸುವ ದಿನಗಳಲ್ಲೂ ಈ ಮಕ್ಕಳು ಕನ್ನಡದಲ್ಲಿ ಪಾಠ ಓದಿ, ಬಿಡುವಿನಲ್ಲಿ ಮರಾಠಿಯಲ್ಲಿ ಜಗಳವಾಡಿ, ಕನ್ನಡದಲ್ಲಿ ರಾಜಿಯಾಗುತ್ತಾರೆ. ಮಹಾರಾಷ್ಟ್ರದ ಎಲ್ಲ ಶಾಲೆಗಳಲ್ಲಿ ಮರಾಠಿ ಕಡ್ಡಾಯ ಮಾಡುವ ಕಾನೂನು 2020ರಲ್ಲಿ ಬಂದಾಗ ಕೆಲವು ದೊಡ್ಡ ಶಾಲೆಗಳಲ್ಲಿ ಗಡಿಬಿಡಿಯಾಯಿತು. ಕನ್ನಡ ಶಾಲೆಯ ಮಕ್ಕಳಿಗೆ ಹೊಸದೇನೂ ಅನ್ನಿಸಲಿಲ್ಲ, ಅವರು ಮೊದಲಿನಿಂದಲೂ ಕಲಿಯುತ್ತಲೇ ಇದ್ದರು.

ಇಷ್ಟು ಒಳ್ಳೆಯ ಮಾತು ಹೇಳಿದ ಮೇಲೆ ಕಹಿಯನ್ನೂ ಹೇಳಬೇಕು. ಇಂಥ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತಿದೆ. ಮುಂಬಯಿಯಲ್ಲಿ ಒಂದು ಕಾಲಕ್ಕೆ ಹೋಟೆಲಿನಲ್ಲಿ ಹಗಲೆಲ್ಲ ದುಡಿದ ಹುಡುಗರು ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ವಕೀಲರು, ಬ್ಯಾಂಕಿನವರು, ಮಾಲಕರು ಆದರು. ಆ ರಾತ್ರಿಶಾಲೆಗಳಲ್ಲಿ ಎಷ್ಟೋ ಬಾಗಿಲು ಹಾಕಿದವು. ಹೀಗಾಗುವುದಕ್ಕೆ ಒಂದು ಲೆಕ್ಕಾಚಾರವಿದೆ, ಅದು ಸಾಮಾನ್ಯವಾಗಿ ನಮ್ಮ ಗಮನಕ್ಕೆ ಬರುವುದಿಲ್ಲ. ಅನುದಾನಿತ ಶಾಲೆಗಳಲ್ಲಿ ಎಷ್ಟು ಮಾಸ್ತರರಿರಬೇಕೆಂಬುದನ್ನು ಪಟದ ಮೇಲಿನ ಮಕ್ಕಳ ಸಂಖ್ಯೆಯೇ ನಿರ್ಧರಿಸುತ್ತದೆ. ಇಲ್ಲಿನವರು ಇದಕ್ಕೆ ಸಂಚ ಮಾನ್ಯತೆ ಎನ್ನುತ್ತಾರೆ. ಸಂಖ್ಯೆ ಒಂದು ಗೆರೆಯಿಂದ ಕೆಳಗಿಳಿಯಿತೆಂದರೆ ಒಬ್ಬ ಶಿಕ್ಷಕರ ಹುದ್ದೆ ಹೆಚ್ಚುವರಿ ಎಂದಾಗುತ್ತದೆ, ಅವರನ್ನು ಬೇರೆ ಕಡೆ ಕಳಿಸುತ್ತಾರೆ. ವಿಜ್ಞಾನದ ಮಾಸ್ತರರು ಹೋದರೆ ಗಣಿತದವರೇ ವಿಜ್ಞಾನವನ್ನೂ ಹೇಳಬೇಕು. ಅದನ್ನು ಕಂಡ ಪಾಲಕರು ಇನ್ನಿಬ್ಬರು ಮಕ್ಕಳನ್ನು ಬಿಡಿಸುತ್ತಾರೆ. ಹೀಗೆ ಎರಡು ಮಕ್ಕಳು ಹೋದದ್ದಕ್ಕೆ ಇಡೀ ಶಾಲೆ ಅಲುಗಾಡುತ್ತದೆ. ಸಾವಿರ ಮಕ್ಕಳ ಶಾಲೆಗೆ ಈ ಚಿಂತೆಯಿಲ್ಲ.

ಪಾಲಕರನ್ನು ದೂರುವಂತಿಲ್ಲ. "ಕನ್ನಡದಲ್ಲಿ ಓದಿ ಮುಂದೇನು?" ಎಂದು ಕಟ್ಟಡದ ಕೆಲಸದ ತಂದೆ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ವೇದಿಕೆಯ ಮೇಲೆ ಕನ್ನಡ ಉಳಿಸಿ ಎನ್ನುವ ನಮ್ಮಲ್ಲಿ ಹೆಚ್ಚಿನವರ ಮಕ್ಕಳೇ ಇಂಗ್ಲಿಷ್ ಶಾಲೆಯಲ್ಲಿರುವಾಗ ಅವರಿಗೆ ಉಪದೇಶ ಮಾಡುವ ಬಾಯಿ ನಮಗಿಲ್ಲ. ಹತ್ತರ ನಂತರ ಹನ್ನೊಂದನೆಯ ತರಗತಿಯಲ್ಲಿ ದ್ಯುತಿಸಂಶ್ಲೇಷಣೆ ಹೋಗಿ ಫೋಟೋಸಿಂಥೆಸಿಸ್ ಬರುತ್ತದೆ, ವರ್ಗಮೂಲ ಹೋಗಿ ಸ್ಕ್ವೇರ್ ರೂಟ್ ಬರುತ್ತದೆ. ಮೊದಲ ಮೂರು ತಿಂಗಳು ಹುಡುಗ ತಬ್ಬಿಬ್ಬಾಗುವುದು ನಿಜ. ಆದರೆ ವಿಷಯ ಅವನಿಗೆ ಮೊದಲೇ ತಿಳಿದಿದೆ, ಹೊಸದಾಗಿ ಕಲಿಯಬೇಕಾದದ್ದು ಹೆಸರುಗಳನ್ನು. ಇಂಗ್ಲಿಷ್ ಶಾಲೆಗೆ ಸೇರಿ, ಮನೆಯಲ್ಲಿ ಕೇಳಿದರೆ ಹೇಳುವವರಿಲ್ಲದೆ, ವಿಷಯವೂ ತಿಳಿಯದೆ ಭಾಷೆಯೂ ಬಾರದೆ ಎಂಟರಲ್ಲೇ ಶಾಲೆ ಬಿಡುವ ಮಗುವಿನ ಕಷ್ಟ ಇದಕ್ಕಿಂತ ಹೆಚ್ಚಿನದು. ಈ ಎರಡು ಕಷ್ಟಗಳನ್ನು ಪಾಲಕರ ಮುಂದೆ ಇಟ್ಟು, ಶಾಂತವಾಗಿ ಅವರಿಗೆ ವಿವರಿಸಬೇಕು. ನಿರ್ಧಾರ ಅವರದು.

ಕೇಳುಗರೇ, ರೇಡಿಯೋದಲ್ಲಿ ಬರಿಯ ಹೊಗಳಿ ಹೋಗುವುದು ಸುಲಭ. ಆದ್ದರಿಂದ ಉಪಯೋಗಕ್ಕೆ ಬರುವ ನಾಲ್ಕು ಮಾತು ಹೇಳುತ್ತೇನೆ. ನಿಮಗೆ ಬೇಡವಾದರೆ ನಿಮ್ಮ ಮನೆಯ ಕೆಲಸದವರಿಗೆ, ಸೊಸಾಯಿಟಿಯ ವಾಚಮನ್ನರಿಗೆ, ನಿಮ್ಮ ಕಟ್ಟಡದ ಗಾರೆಯವರಿಗೆ ಮುಟ್ಟಿಸಿ.

ಮೊದಲನೆಯದು, ಊರಿಂದ ನಡುವರ್ಷದಲ್ಲಿ ಬಂದ ಮಗುವಿನ ಮಾತು. ಹಳೆಯ ಶಾಲೆಯ ದಾಖಲೆ ಬಂದಿಲ್ಲ ಎಂಬ ಕಾರಣಕ್ಕೆ ಎಂಟನೆಯ ತರಗತಿಯವರೆಗೆ ಯಾವ ಮಗುವಿಗೂ ಪ್ರವೇಶ ತಡೆಯುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯ 5ನೇ ಕಲಮಿನಲ್ಲಿ ಇದು ಸ್ಪಷ್ಟವಾಗಿದೆ. ಶಾಲೆ ಬಿಟ್ಟು ಕೂತ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು ವಿಶೇಷ ತರಬೇತಿ ಕೊಡಬೇಕೆಂದು 4ನೇ ಕಲಮು ಹೇಳುತ್ತದೆ. ಕಾಗದ ಬರಲಿ ಎಂದು ಮಗುವನ್ನು ಮನೆಯಲ್ಲಿ ಕೂರಿಸಬೇಡಿ.

ಎರಡನೆಯದು, ಸ್ಕಾಲರ್‌ಶಿಪ್. ಎಂಟನೆಯ ತರಗತಿಯಲ್ಲಿ ಎನ್.ಎಂ.ಎಂ.ಎಸ್. ಎಂಬ ಪರೀಕ್ಷೆ ಇದೆ. ಸರಕಾರಿ, ಸ್ಥಳೀಯ ಸಂಸ್ಥೆಯ ಮತ್ತು ಅನುದಾನಿತ ಶಾಲೆಗಳ ಮಕ್ಕಳು, ಏಳನೆಯದರಲ್ಲಿ ಶೇಕಡಾ 55 ಅಂಕವಿದ್ದು ಮನೆಯ ವರಮಾನ ವರ್ಷಕ್ಕೆ ಮೂರೂವರೆ ಲಕ್ಷದೊಳಗಿದ್ದರೆ ಬರೆಯಬಹುದು. ಪರಿಶಿಷ್ಟ ಜಾತಿ, ಪಂಗಡದವರಿಗೆ ಅಂಕದಲ್ಲಿ ಸ್ವಲ್ಪ ಸಡಿಲಿಕೆಯಿದೆ. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ, ಅಂದರೆ ನಾಲ್ಕು ವರ್ಷಕ್ಕೆ 48,000. ಮಹಾರಾಷ್ಟ್ರದಲ್ಲಿ ಈ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಲು ಅವಕಾಶವಿದೆ. ಮಗನನ್ನು ಕೆಲಸಕ್ಕೆ ಹಚ್ಚಬೇಕೋ ಓದಿಸಬೇಕೋ ಎಂದು ತೂಗುವ ಮನೆಯಲ್ಲಿ ಈ ದುಡ್ಡು ತಕ್ಕಡಿಯನ್ನು ಓದಿನ ಕಡೆ ಬಾಗಿಸಬಲ್ಲದು.

ಮೂರನೆಯದು, ಚಿತ್ರ ಬರೆಯುವ, ಆಡುವ ಮಕ್ಕಳಿಗೆ. ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಎಂಬ ಸರಕಾರಿ ಚಿತ್ರಕಲಾ ಪರೀಕ್ಷೆಗಳನ್ನು ಪಾಸು ಮಾಡಿದರೆ ಎಸ್.ಎಸ್.ಸಿ.ಯಲ್ಲಿ ಹೆಚ್ಚಿನ ಅಂಕ ಸಿಗುತ್ತದೆ. ಆಟೋಟದಲ್ಲಿ ಮೇಲಿನ ಹಂತಕ್ಕೆ ಹೋದವರಿಗೂ ಅಂಥ ಸವಲತ್ತು ಇದೆ. ರಂಗೋಲಿ ಹಾಕುವ ಕೈ, ಖೋಖೋ ಓಡುವ ಕಾಲು ಎರಡಕ್ಕೂ ಅಂಕಪಟ್ಟಿಯಲ್ಲಿ ಬೆಲೆ ಉಂಟು.

ನಾಲ್ಕನೆಯದು, ಹತ್ತರ ನಂತರದ್ದು. ಹನ್ನೊಂದನೆಯ ಪ್ರವೇಶ ಈಗ ಆನ್‌ಲೈನಿನಲ್ಲಿ ನಡೆಯುತ್ತದೆ. ಭಾಷಾ ಅಲ್ಪಸಂಖ್ಯಾತ ಸಂಸ್ಥೆಗಳ ಕಾಲೇಜುಗಳಲ್ಲಿ ಆ ಭಾಷೆಯ ಮಕ್ಕಳಿಗೆ ಪ್ರತ್ಯೇಕ ಕೋಟಾ ಇರುತ್ತದೆ. ಫಾರಂ ತುಂಬುವಾಗ ಆ ಕಾಲಮು ಬಿಟ್ಟುಹೋದರೆ ಸಿಗಬೇಕಾದ ಸೀಟು ಕೈತಪ್ಪುತ್ತದೆ. ಫಲಿತಾಂಶದ ವಾರದಲ್ಲಿ ಕಂಪ್ಯೂಟರ್ ಬಲ್ಲ ಕನ್ನಡದ ಹುಡುಗರು ಇಬ್ಬರು ಶಾಲೆಗೆ ಹೋಗಿ ಎರಡು ದಿನ ಕುಳಿತು ಮಕ್ಕಳ ಫಾರಂ ತುಂಬಿಸಿ ಕೊಟ್ಟರೆ ಅದೊಂದು ದೊಡ್ಡ ಉಪಕಾರ.

ಹಿಂಜವಡಿಯಲ್ಲಿ, ಖರಾಡಿಯಲ್ಲಿ ಸಾವಿರಾರು ಕನ್ನಡಿಗರು ಸಾಫ್ಟ್‌ವೇರ್ ಕೆಲಸದಲ್ಲಿದ್ದೀರಿ. ನಿಮ್ಮಲ್ಲಿ ಎಷ್ಟೋ ಮಂದಿ ಊರಲ್ಲಿ ಕನ್ನಡ ಮಾಧ್ಯಮದಲ್ಲೇ ಹತ್ತನೆಯದನ್ನು ಮುಗಿಸಿ ಪಿಯುಸಿಯಲ್ಲಿ ಇದೇ ತಬ್ಬಿಬ್ಬು ಅನುಭವಿಸಿ ದಾಟಿದವರು. ಆ ಮಕ್ಕಳಿಗೆ ನಿಮ್ಮ ದೇಣಿಗೆಗಿಂತ ನಿಮ್ಮ ಶನಿವಾರದ ಒಂದು ತಾಸು ಬೇಕಾಗಿದೆ. ವಿಜ್ಞಾನದ ನೂರು ಪದಗಳನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಜೋಡಿ ಮಾಡಿ ಹೇಳಿಕೊಟ್ಟರೆ ಸಾಕು, ಜೂನ್ ತಿಂಗಳಿನ ಆ ಭಯ ಅರ್ಧ ಇಳಿಯುತ್ತದೆ. "ನಾನೂ ನಿನ್ನ ಹಾಗೇ ಓದಿದವನು" ಎಂದು ಎದುರಿಗೆ ಒಬ್ಬ ಇಂಜಿನಿಯರ್ ನಿಂತು ಹೇಳಿದರೆ ಅದನ್ನು ಯಾವ ಗೈಡೂ ಹೇಳಿಕೊಡಲಾರದು.

ಕೊರೊನಾದ ಕಾಲ ನೆನಪಿರಬಹುದು. 2020ರಲ್ಲಿ ಭೂಗೋಲದ ಕೊನೆಯ ಪೇಪರು ರದ್ದಾಯಿತು, 2021ರಲ್ಲಿ ಎಸ್.ಎಸ್.ಸಿ. ಪರೀಕ್ಷೆಯೇ ನಡೆಯಲಿಲ್ಲ. ಕೆಲಸ ಹೋದ ಕುಟುಂಬಗಳು ಗಂಟು ಹೊತ್ತು ಊರಿಗೆ ನಡೆದವು. ಒಂದೇ ಮೊಬೈಲಿರುವ ಮನೆಯಲ್ಲಿ ಮೂರು ಮಕ್ಕಳ ಆನ್‌ಲೈನ್ ಪಾಠ ನಡೆಯುವುದು ಹೇಗೆ? ಇಂಥ ದಿನಗಳಲ್ಲಿ ಮಾಸ್ತರರು ಮಕ್ಕಳ ಹೆಸರು ಹೆಸರು ಹಿಡಿದು ಫೋನು ಮಾಡಿ, "ಎಲ್ಲಿದ್ದೀ, ಯಾವಾಗ ಬರ್ತೀ?" ಎಂದು ಕೇಳುವುದು ಸಣ್ಣ ಶಾಲೆಯಲ್ಲಿ ಸಾಧ್ಯ. ಯಾರ ಮಗ ಯಾರು, ಯಾರ ಮನೆ ಎಲ್ಲಿ ಎಂಬುದು ಅಲ್ಲಿ ಎಲ್ಲರಿಗೂ ಗೊತ್ತು. ಬಳಗ ಎಂದು ನಾವು ಕನ್ನಡದಲ್ಲಿ ಹೇಳುವುದು ಇದಕ್ಕೇ.

ಕೊನೆಯದಾಗಿ ಒಂದು ವಿನಂತಿ. ಈ ವರ್ಷ ಎಸ್.ಎಸ್.ಸಿ. ಫಲಿತಾಂಶ ಬಂದ ದಿನ ನಿಮಗೆ ಹತ್ತಿರವಿರುವ ಕನ್ನಡ ಶಾಲೆಗೆ ಒಂದು ಫೋನು ಮಾಡಿ. ಮೊದಲು ಬಂದವರು ಯಾರು ಎಂದು ಕೇಳಿ, ಕೊನೆಗೆ ಪಾಸಾದವರು ಯಾರು ಎಂದೂ ಕೇಳಿ. ಸಾಧ್ಯವಾದರೆ ಅರ್ಧ ಕಿಲೋ ಪೇಡೆ ಹಿಡಿದು ಆ ಕೊನೆಯವನ ಮನೆಗೂ ಹೋಗಿ ಬನ್ನಿ. ಜೂನ್ ನಡುವಿಗೆ ಶಾಲೆ ಮತ್ತೆ ಶುರುವಾಗುವಾಗ ನಿಮ್ಮ ಕಟ್ಟಡದ ಕೆಳಗೆ ಮರಳಿನಲ್ಲಿ ಆಡುತ್ತಿರುವ ಕನ್ನಡದ ಮಗು ಯಾವ ಶಾಲೆಗೆ ಹೋಗುತ್ತದೆ ಎಂದು ಅದರ ಅವ್ವನನ್ನು ವಿಚಾರಿಸಿ. ಎಲ್ಲಿಗೂ ಹೋಗುವುದಿಲ್ಲ ಎಂದರೆ ದಾರಿ ತೋರಿಸಿ.

ಈ ವರ್ಷ ಪಾಸಾದ ಎಲ್ಲ ಮಕ್ಕಳಿಗೂ, ಅವರ ಬೆನ್ನಿಗೆ ನಿಂತ ಮಾಸ್ತರರಿಗೂ ಅಕ್ಕೋರಿಗೂ, ಒಂದು ದಿನದ ಕೂಲಿ ಬಿಟ್ಟು ಪಾಲಕರ ಸಭೆಗೆ ಬಂದ ಅಪ್ಪ ಅವ್ವಂದಿರಿಗೂ ನಮ್ಮೆಲ್ಲರ ಶಹಬಾಸ್. ಒಂದು ವಿಷಯದಲ್ಲಿ ಉಳಿದವರಿಗೆ ಇದೇ ಮಳೆಗಾಲದಲ್ಲಿ ಮರುಪರೀಕ್ಷೆ ಇದೆ, ಪುಸ್ತಕ ಮಾರಬೇಡಿ.